ತಂಗಿಯ ನೆರಿಗೆ, ನನ್ನ ರವಿಕೆ

ತೀರಿಹೋದ ನನ್ನ ತಂಗಿಯ ನೆನಪಿನಲ್ಲಿ ಅವಳ ಕಾಲೇಜಿನವರು ಪ್ರತಿವರ್ಷ ನೃತ್ಯ ಕಲಿಯುವ ಒಬ್ಬ ಹುಡುಗಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಅದನ್ನು ನನ್ನ ಕೈಯಿಂದಲೇ ಕೊಡಿಸುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಕುಂಬಾರಕೊಪ್ಪಲಿನ ಮನೆಯಲ್ಲಿ ರವಿಕೆ ಹೊಲಿಯುವ ನಾನು ಮೇಷ್ಟರುಗಳ ನಡುವೆ ಕುರ್ಚಿಯ ತುದಿಯಲ್ಲಿ ಕೂತಿರುತ್ತೇನೆ. ನಿರೂಪಣೆ ಮಾಡುವವರು ತಪ್ಪದೆ ಹೇಳುತ್ತಾರೆ: "ಈ ಅಕ್ಕ ತಾವೇ ಡ್ರೆಸ್ ಹೊಲಿದುಕೊಟ್ಟು ತಂಗಿಯನ್ನು ಕುಣಿಸಿದವರು." ಚಪ್ಪಾಳೆ ಬೀಳುತ್ತದೆ. ನಾನು ಕೈಮುಗಿಯುತ್ತೇನೆ.

ಹೊಲಿದದ್ದು ನಿಜ. ಹೇಗೆ ಹೊಲಿದೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನನ್ನ ತಂಗಿ ಮನೆಯೊಳಗೆ ನೆಟ್ಟಗೆ ನಡೆದದ್ದೇ ಕಡಿಮೆ. ಕುಕ್ಕರ್ ಕೂಗಿದರೆ ಅದಕ್ಕೂ ಒಂದು ಹೆಜ್ಜೆ. "ಲೇ, ಕುಣಿದಿದ್ದು ಸಾಕು, ಬಟ್ಟೆ ಒಣಗಾಕು, ಸೂರ್ಯ ಮುಳುಗ್ತಾವ್ನೆ," ಎಂದು ಅಮ್ಮ ಬೈಯುತ್ತಿದ್ದಳು. ಕಾಲೇಜುಗಳ ನೃತ್ಯಸ್ಪರ್ಧೆ ಬಂದಾಗ ಅದೇ ಅಮ್ಮ ತನ್ನ ಮದುವೆಯ ನೇರಳೆ ರೇಷ್ಮೆ ಸೀರೆ ತಂದು ನನ್ನ ಮುಂದಿಟ್ಟಳು. "ಚೆನ್ನಾಗಿ ಹೊಲ್ಕೊಡು ಕಣೇ ಅವ್ಳಿಗೆ."

ನನಗೆ ಹೊಟ್ಟೆ ಉರಿಯಿತು. ಓದೂ ಅವಳಿಗೆ, ಕುಣಿತವೂ ಅವಳಿಗೆ, ಈಗ ಸೀರೆಯೂ. ಕತ್ತರಿ ಹಿಡಿದವಳು ಮೊದಲು ನನಗೊಂದು ರವಿಕೆಗೆ ಆಗುವಷ್ಟು ಕತ್ತರಿಸಿಕೊಂಡೆ, ಅಂಚಿನ ಸಮೇತ.

ಭರತನಾಟ್ಯದ ಡ್ರೆಸ್ಸಿಗೆ ಎರಡು ಕಾಲುಗಳ ನಡುವೆ ಬೀಸಣಿಗೆಯಂತೆ ನೆರಿಗೆ ಕೂರಿಸಬೇಕು. ಮಂಡಿ ಬಾಗಿಸಿ ಅರ್ಧ ಕೂತಾಗ ಅದು ಅರಳಬೇಕು. ಬಟ್ಟೆ ಸಾಲದೆ ನಾಲ್ಕು ನೆರಿಗೆ ಕಡಿಮೆ ಬಿದ್ದವು. ಸ್ಪರ್ಧೆಯ ಬೆಳಿಗ್ಗೆಯೇ ಹುಕ್ಕು ಹಾಕಿ ಕೊಟ್ಟೆ. ತೊಟ್ಟು ನೋಡಲು ಅವಳಿಗೆ ಹೊತ್ತಿರಲಿಲ್ಲ.

ಕುಣಿಯುವಾಗ ಕೂರಲು ಹೋದಲ್ಲೆಲ್ಲ ಬಟ್ಟೆ ಎಳೆದು ಹಿಡಿಯಿತಂತೆ. ಬಹುಮಾನ ಬರಲಿಲ್ಲ. ಮನೆಗೆ ಬಂದು ನಗುತ್ತಲೇ, "ನನ್ ತೊಡೆ ದಪ್ಪ ಆಗ್ಬುಟ್ಟಿದೆ ಕಣೇ ಅಕ್ಕ. ಎಲ್ಲಾ ನಿನ್ ಮುದ್ದೆ ಮಹಿಮೆ!" ಅಂದಳು.

"ಊಂ, ಕಮ್ಮಿ ತಿನ್ನು," ಅಂದೆ ನಾನು.

ಅವಳು ನಿಜವಾಗಿಯೂ ಮುದ್ದೆ ಬಿಟ್ಟಳು. ಮುಂದಿನ ವರ್ಷದ ಸ್ಪರ್ಧೆಗೆ ಮೊದಲೇ ಜ್ವರದಲ್ಲಿ ತೀರಿಕೊಂಡಳು.

ಈ ಸಲ ಆಯ್ಕೆಯಾದ ಹುಡುಗಿ ಸಮಾರಂಭಕ್ಕೆ ಒಂದು ವಾರ ಮೊದಲು ಸೀರೆ ಹಿಡಿದುಕೊಂಡು ಮನೆಗೇ ಬಂದಳು. "ನಿಮ್ ತಂಗಿ ಡ್ರೆಸ್ ಹೊಲಿದ ಕೈಯಲ್ಲೇ ನಂದೂ ಆಗ್ಬೇಕು ಆಂಟಿ." ಟೇಪನ್ನು ಅವಳ ಸೊಂಟಕ್ಕೆ ಸುತ್ತಿದವಳು ಅಳತೆ ನೋಡುವುದು ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಹುಡುಗಿ ತನ್ನ ಸೀರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ನನ್ ಸೀರೇಲಿ ರವಿಕೆ ತೆಕ್ಕೋಬೇಡಿ ಮತ್ತೆ," ಅಂದಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಸ್ಟೇಜ್ ಮೇಲೂ ಹೇಳ್ತೀರಾ ಆಂಟಿ?"

"ಅಯ್ಯೋ, ಜನ ಏನಂದ್ಕೋತಾರೆ ನನ್ನ?"

"ನಿಮ್ಮನ್ನ ಏನಾದ್ರೂ ಅಂದ್ಕೊಳ್ಲಿ ಬುಡಿ. ಅವ್ರು ಚೆನ್ನಾಗೇ ಕುಣೀತಿದ್ರು ಅಂತ ಗೊತ್ತಾಗ್ಬೇಕಲ್ವಾ?"

ಸಮಾರಂಭದಲ್ಲಿ ನಿರೂಪಕರು ಅದೇ ಮಾತು ಹೇಳಿದರು. ಚಪ್ಪಾಳೆ ನಿಲ್ಲುವ ಮೊದಲೇ ಎದ್ದು ಮೈಕಿನ ಹತ್ತಿರ ಹೋದೆ. "ನನ್ನ ತಂಗಿಯ ಕುಣಿತದಲ್ಲಿ ಅವತ್ತು ಏನೂ ಕೊರತೆ ಇರಲಿಲ್ಲ. ಬಟ್ಟೆ ಕದ್ದವಳು ನಾನು," ಎಂದು ಶುರುಮಾಡಿದೆ. ರವಿಕೆಯ ವಿಷಯ ಪೂರ್ತಿ ಹೇಳಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಊಟದ ಹೊತ್ತಿಗೆ ನನ್ನ ತಂಗಿಗೆ ನೃತ್ಯ ಕಲಿಸಿದ್ದ ಟೀಚರು ಬಂದು ನನ್ನ ಪಕ್ಕದ ಎಲೆಗೆ ಕೂತರು. ತುಂಬ ಹೊತ್ತು ಅನ್ನ ಕಲಸುತ್ತಲೇ ಇದ್ದರು.

"ಅವತ್ತು ಸ್ಪರ್ಧೆ ಆದ್ಮೇಲೆ, ಅಭ್ಯಾಸ ಮಾಡಿಲ್ಲ ಅಂತ ಆ ಮಗೂನ ಒಂದು ವಾರ ಮಾತಾಡಿಸಿರ್ಲಿಲ್ಲ ಕಣಮ್ಮ ನಾನು," ಅಂದರು.