ಚಿಕ್ಕಮ್ಮನ ಲಾಂಡ್ರಿಯಲ್ಲೊಂದು ಕಪ್ಪು ಸಿನಿಮಾ

ಹಳೆಯ ಕಪ್ಪು-ಬಿಳುಪು ಅಪರಾಧದ ಸಿನಿಮಾವೊಂದನ್ನು ಮೊದಲ ಸಲ ನೋಡಿದಾಗ ನಾಯಕನ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ಕಂಡವು. ಬಲ್ಬು ಎಂಬ ಹುಡುಗ ಎದ್ದು ಹೋಗಿ ಟೀವಿಯ ನೆತ್ತಿಗೆ ಎರಡೇಟು ಹಾಕಿದ. ಪಟ್ಟೆ ಹೋಗಲಿಲ್ಲ. ಮೂರನೆಯ ಏಟಿಗೆ ಟೀವಿಯೇ ಹೋಯಿತು.

ಅದು ಕಿಟಕಿಯ ಪಟ್ಟಿಪರದೆಯ ನೆರಳು, ಬೇಕೆಂದೇ ಬೀಳಿಸಿದ್ದು, ಅಂಥ ಸಿನಿಮಾಗಳಿಗೆ ನ್ವಾರ್ ಎನ್ನುತ್ತಾರೆ ಎಂಬುದೆಲ್ಲ ಅವನಿಗೆ ತಿಳಿದದ್ದು ಸಂಜೆಯ ಸಿನಿಮಾ ಕೋರ್ಸಿಗೆ ಸೇರಿದ ಮೇಲೆ. ಹಗಲೆಲ್ಲ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ನಿಂತು ಜನರಿಗೆ ಬೆಳಕು ಮಾರುವುದು, ಆ ಸಂಬಳವನ್ನು ಕತ್ತಲೆ ಮಾಡುವುದು ಹೇಗೆಂದು ಕಲಿಯಲು ಸುರಿಯುವುದು. ಇದು ಅವನ ಬಾಳು. ಬಲ್ಬು ಎಂಬ ಹೆಸರು ಸಹಪಾಠಿಗಳು ಕೊಟ್ಟದ್ದು. ಪ್ರೀತಿಯಿಂದ ಕೊಟ್ಟದ್ದೆಂದು ಅವನು ಬಹಳ ದಿನ ನಂಬಿಕೊಂಡಿದ್ದ.

ಕೋರ್ಸು ಮುಗಿಯಬೇಕಾದರೆ ಒಂದು ಕಿರುಚಿತ್ರ ಮಾಡಿ ತೋರಿಸಬೇಕಿತ್ತು. ಅವನ ತಂಡದಲ್ಲಿ ಮೂವರು. ನಿರ್ದೇಶಕನ ಹೆಸರು ಹ್ಯಾಟು. ಊಟಕ್ಕೆ ಕೂತಾಗಲೂ ಅವನ ತಲೆಯ ಮೇಲಿನದು ಇಳಿಯುತ್ತಿರಲಿಲ್ಲ. ಕ್ಯಾಮೆರಾ ಹಿಡಿಯುವ ಹುಡುಗಿ ಸಿಡುಕಿ. ದೀಪ, ವೈರು, ಚಹಾ ಮತ್ತು ಬೈಗುಳ, ಈ ನಾಲ್ಕು ವಿಭಾಗ ಬಲ್ಬಿನದು.

"ನ್ವಾರ್ ಅಂದ್ರೆ ನಿಯಮ ಇದೆ ಕಣ್ರೋ," ಎಂದ ಹ್ಯಾಟು, ಚಹಾದಂಗಡಿಯ ಜಿಡ್ಡುಹಿಡಿದ ಮೇಜಿನ ಮೇಲೆ ಮೊಣಕೈ ಊರಿ. "ನೆರಳು ಬೇಕು. ಹೊಗೆ ಬೇಕು. ರಸ್ತೆ ಒದ್ದೆಯಾಗಿರ್ಬೇಕು. ಹೀರೋ ತನ್ನ ಕಥೆ ತಾನೇ ಹೇಳ್ಕೋತಾ ಹಾಳಾಗ್ಬೇಕು. ಮುಖ್ಯ, ಒಬ್ಳು ಹೆಂಗಸು ಬೇಕು. ಗಂಡನ್ನ ಮುಗಿಸಿರ್ಬೇಕು. ಬಾಯಿ ಬಿಟ್ರೆ ಸುಳ್ಳು. ಕೊನೇಲಿ ಸಾಯ್ಲೇಬೇಕು."

"ಪಾಪ, ಅವಳಿಗೂ ಬೇರೆ ಕೆಲ್ಸ ಇರಲ್ವಾ?" ಎಂದಳು ಸಿಡುಕಿ.

ಜಾಗ ಎಲ್ಲಿ ಎಂಬ ಮಾತು ಬಂತು. "ನಮ್ಮ ಚಿಕ್ಕಮ್ಮನ ಲಾಂಡ್ರಿ ಇದೆಯಲ್ಲ," ಎಂದುಬಿಟ್ಟ ಬಲ್ಬು. ಅವನ ಮನಸ್ಸಿನಲ್ಲಿದ್ದದ್ದು ಅಲ್ಲಿನ ಹಬೆ, ತೂಗುಹಾಕಿದ ಕೋಟುಗಳು, ಮಹಡಿಗೆ ಹೋಗುವ ಕಡಿದಾದ ಮೆಟ್ಟಿಲು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹ್ಯಾಟು ಮೊದಲ ಬಾರಿಗೆ ತನ್ನ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದಾನೆ ಎಂಬ ಹಿಗ್ಗಿನಲ್ಲಿ, ಚಿಕ್ಕಪ್ಪ ಸತ್ತದ್ದು ಅದೇ ಮೆಟ್ಟಿಲಿನಿಂದ ಉರುಳಿ ಎಂದೂ, ಅವಳೇ ತಳ್ಳಿದಳೆಂದು ಬೀದಿಯಲ್ಲಿ ಒಂದು ಗುಸುಗುಸು ಇತ್ತೆಂದೂ ಸೇರಿಸಿದ. ಹ್ಯಾಟು ಅವನ ಬೆನ್ನು ತಟ್ಟಿದ. ಆ ತಟ್ಟಿಸಿಕೊಂಡ ಬೆನ್ನನ್ನು ಆಮೇಲೆ ಎಷ್ಟು ಉಜ್ಜಿದರೂ ಬಲ್ಬಿಗೆ ಹೇಸಿಗೆ ಹೋಗಲಿಲ್ಲ.

ಚಿಕ್ಕಮ್ಮ ಎಂದರೆ ಬಲ್ಬಿನ ತಾಯಿಯ ತಂಗಿ. ಲಾಂಡ್ರಿ ಗಂಡನದು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದದ್ದಕ್ಕಿಂತ ಮುಷ್ಟಿ ಬಿಗಿದದ್ದೇ ಹೆಚ್ಚು, ಆ ಮಹಾರಾಯ. ಅವನು ಹೋದ ಮೇಲೆ ಬೀದಿಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, ಸುಮ್ಮನೆ ಆಚೆ ಬೀದಿಗೆ ಹೋಗತೊಡಗಿದರು. ಚಿಕ್ಕಮ್ಮ ಖಾಲಿ ಅಂಗಡಿಯಲ್ಲಿ ತನ್ನ ಬಟ್ಟೆಯನ್ನೇ ಮಡಚಿ, ಬಿಚ್ಚಿ, ಮತ್ತೆ ಇಸ್ತ್ರಿ ಮಾಡಿಕೊಂಡು ಕೂತಳು. ಕೊನೆಗೆ ಬೇರೆ ಲಾಂಡ್ರಿಯವರು ಮೂಗು ಮುಚ್ಚಿಕೊಂಡು ವಾಪಸು ಕಳಿಸುವ ಬಟ್ಟೆಗಳನ್ನು ಹಿಡಿದಳು. ಕಟುಕನ ಏಪ್ರನ್ನು, ಆಸ್ಪತ್ರೆಯ ಹಾಸಿಗೆ ಹೊದಿಕೆ, ಬಸ್ ಡ್ರೈವರುಗಳ ಬೆವರು ಕಟ್ಟಿದ ಸಮವಸ್ತ್ರ, ಲಾಡ್ಜಿನ ದಿಂಬಿನ ಚೀಲ. "ಮನುಷ್ಯ ಹೊರಗೆ ಹಾಕೋದೆಲ್ಲ ನನ್ನ ಕೈ ಮೇಲೇ ಹೋಗುತ್ತೆ," ಎನ್ನುತ್ತಿದ್ದಳು. ಗಿರಾಕಿ ಎದುರಿಗಿದ್ದಾಗಲೇ ಪ್ರತಿ ಜೇಬನ್ನೂ ಹೊರಗೆಳೆದು ಮೇಜಿನ ಮೇಲೆ ಕೊಡವುತ್ತಿದ್ದಳು. ಅಗಿದ ಚ್ಯೂಯಿಂಗ್ ಗಮ್ಮು, ಮೂಗೊರೆಸಿದ ಕಾಗದ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. "ನಿಮ್ಮ ಕೊಳೆ ಮಾತ್ರ ನನಗೆ, ಕಸ ನಿಮಗೇ," ಎಂದು ವಾಪಸು ಕೊಡುವಳು. ಹೀಗೆ ಹೊಲಸನ್ನೇ ಹಿಡಿದುಕೊಂಡು ಬೀದಿಯ ಬಟ್ಟೆಯನ್ನು ಒಂದೊಂದಾಗಿ ಮರಳಿ ಗಳಿಸಿದಳು. ಪಕ್ಕದ ಟೈಲರನೂ ಕೊನೆಗೆ ತನ್ನ ಗಿರಾಕಿಗಳ ಸೂಟುಗಳನ್ನು ಅವಳಿಗೇ ಕೊಡತೊಡಗಿದ.

ಶೂಟಿಂಗಿಗೆ ಚಿಕ್ಕಮ್ಮ ಬೇಡವೆನ್ನಲಿಲ್ಲ. "ಅಂಗಡಿ ರಜ ಇರೋ ದಿನ ಬನ್ನಿ. ಬಟ್ಟೆ ಮುಟ್ಟಬೇಡಿ," ಎಂದಳಷ್ಟೆ.

ಆ ಭಾನುವಾರ ಹಾಡುಹಗಲಲ್ಲಿ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿ ಪರೀಕ್ಷಾರ್ಥ ಚಿತ್ರೀಕರಣಕ್ಕೆ ನಿಂತರು. ರಟ್ಟು ಕತ್ತರಿಸಿ ಪಟ್ಟಿಪರದೆ ಮಾಡಿದ್ದು ಬಲ್ಬು. ನೆರಳು ಬಿದ್ದಾಗ ಹ್ಯಾಟುವಿನ ಮುಖ ಹಗ್ಗ ಸುತ್ತಿದ ಕುಂಬಳಕಾಯಿಯಂತೆ ಕಂಡಿತು. ರಸ್ತೆ ಒದ್ದೆ ಮಾಡಲು ಹ್ಯಾಟು ಬಚ್ಚಲ ನೀರನ್ನೇ ಬಕೆಟ್ಟಿನಲ್ಲಿ ತಂದು ಬಾಗಿಲ ಮುಂದೆ ಚೆಲ್ಲಿದ. ಅಂಗಡಿಯಿಡೀ ಕೊಳೆತ ನಾತ ತುಂಬಿತು. ಹೀರೋ ಇನ್ನೂ ಸಿಕ್ಕಿರದ ಕಾರಣ ಸಿಗರೇಟು ಸೇದುವ ಭಾಗ್ಯ ಬಲ್ಬಿಗೆ.

"ಒಳಗೆಳ್ಕೊ! ನೋವಿರೋ ಗಂಡ್ಸು ಥರ ಎಳ್ಕೊ!" ಎಂದು ಹ್ಯಾಟು ಕೂಗಿದ.

ಬಲ್ಬು ಎಳೆದುಕೊಂಡ. ಹೊಟ್ಟೆಯೊಳಗಿದ್ದದ್ದೆಲ್ಲ ಮೇಲಕ್ಕೆ ಬಂದು, ಒಗೆದು ಗರಿಗರಿಯಾಗಿ ಜೋಡಿಸಿಟ್ಟಿದ್ದ ಲಾಡ್ಜಿನ ಬಿಳಿ ಹೊದಿಕೆಗಳ ಮೇಲೆ ಇಳಿಯಿತು.

"ಸೂಪರ್! ಸಿಕ್ತಾ ಶಾಟು?" ಎಂದ ಹ್ಯಾಟು.

"ಥೂ," ಎಂದಳು ಸಿಡುಕಿ. ಕ್ಯಾಮೆರಾ ಆರಿಸಿದಳು.

ಚಿಕ್ಕಮ್ಮ ಬೈಯಲಿಲ್ಲ. ಹೊದಿಕೆಗಳನ್ನು ಬಾಚಿ ತೊಟ್ಟಿಗೆ ಹಾಕುತ್ತ, "ಇದಕ್ಕಿಂತ ಗಲೀಜು ನೋಡಿದೀನಿ, ಬಾಯಿ ತೊಳ್ಕೋ ಹೋಗು," ಎಂದಳು. ಬೈದಿದ್ದರೆ ಬಲ್ಬಿಗೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನದಿಂದ ಹ್ಯಾಟು ಚಿಕ್ಕಪ್ಪನ ಸಾವಿನ ಸಂಶೋಧನೆಗೆ ಇಳಿದ. ಸುಡುಬಿಸಿಲಲ್ಲಿ ಉದ್ದನೆಯ ಕೋಟು ತೊಟ್ಟು, ಪತ್ತೇದಾರನಂತೆ ಬೀದಿಯ ಅಂಗಡಿ ಅಂಗಡಿ ಹತ್ತಿದ. ವಾರವಿಡೀ ಕೆಲಸಕ್ಕೆ ರಜ ಹಾಕಿ, ಧ್ವನಿ ಹಿಡಿಯುವ ಯಂತ್ರ ಹೊತ್ತು ಹಿಂದೆ ಬಲ್ಬು. ಎಲ್ಲರನ್ನೂ ಕೇಳಬೇಕು, ಆ ಹೆಂಗಸೊಬ್ಬಳನ್ನು ಬಿಟ್ಟು. ಅವಳು ಸುಳ್ಳೇ ಹೇಳುತ್ತಾಳಲ್ಲ! ಅದೂ ಒಂದು ನಿಯಮವೇ.

ಟೈಲರ ಸೂಜಿಯನ್ನು ತುಟಿಯಿಂದ ತೆಗೆದು, ಬಾಯಿ ಚಪ್ಪರಿಸಿದ. "ನಾನು ಹೇಳ್ದೆ ಅಂತ ಹೇಳ್ಬೇಡಿ. ಅವತ್ತು ಆ ಹೆಂಗ್ಸಿನ ಕಣ್ಣಲ್ಲಿ ಒಂದ್ ಹನಿ ನೀರಿಲ್ಲ. ಗಟ್ಟಿ ಜೀವ! ನೀವೇ ಅರ್ಥ ಮಾಡ್ಕೊಳ್ಳಿ."

ಅವಳೇ ಇಸ್ತ್ರಿ ಮಾಡಿದ ಅಂಗಿ ಅವನ ಮೈಮೇಲಿತ್ತು. ಮುದುಡಿರಲಿಲ್ಲ. ಬಲ್ಬಿನ ಕಣ್ಣು ಅದರ ಮೇಲೇ ಇತ್ತು. ಆದರೂ ಯಂತ್ರವನ್ನು ಟೈಲರನ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. ಧ್ವನಿ ಸ್ಪಷ್ಟವಾಗಿ ಬರಬೇಕಲ್ಲ.

ಮರೆತು ಮಲಗಿದ್ದ ಗುಸುಗುಸು ಎದ್ದು ಕೂತಿತು. ಆ ವಾರ ಡ್ರೈವರುಗಳು ಬರಲಿಲ್ಲ. ಆಸ್ಪತ್ರೆಯವರು ಸದ್ಯಕ್ಕೆ ಬೇಡವೆಂದರು. ಗೋಡೆಯುದ್ದದ ಕಂಬಿಯಲ್ಲಿ ಹ್ಯಾಂಗರುಗಳು ಬರಿದಾಗುತ್ತ ಬಂದವು. ಬಲ್ಬು ಹ್ಯಾಟುವಿನ ಕಾಲಿಗೆ ಬೀಳುವುದೊಂದು ಬಾಕಿ.

"ಸಾಕು ಮಾರಾಯ, ಅವಳ ಅಂಗಡಿ ಮುಚ್ಚಿ ಹೋಗುತ್ತೆ."

"ಖಾಲಿ ಹ್ಯಾಂಗರು ಕಣೋ! ಫ್ರೇಮು ಹೇಗಿರುತ್ತೆ ಯೋಚ್ನೆ ಮಾಡು!"

ಬಲ್ಬು ಯೋಚನೆ ಮಾಡಿದ. ಹ್ಯಾಟುವಿನ ಮೇಲೆ ಅಸಹ್ಯ ಬಂತು. ಆದರೆ ಅವನಿಗೆ ದೀಪ ಹಿಡಿದು ದಾರಿ ತೋರಿಸಿದ್ದು ತಾನೇ ಅಲ್ಲವೇ? ಪಕ್ಕದಲ್ಲಿ ಕ್ಯಾಮೆರಾ ಒರೆಸುತ್ತಿದ್ದ ಸಿಡುಕಿ ತಲೆ ಎತ್ತದೆ, "ಬೀದಿಯವ್ರನ್ನೆಲ್ಲ ಕೇಳಿದ್ರಿ. ಆ ಚಿಕ್ಕಮ್ಮನ್ನ ಕೇಳೋಕೆ ಯಾವನಿಗೂ ದಮ್ಮಿಲ್ಲ, ಅಲ್ವಾ?" ಎಂದಳು. ಆಮೇಲೆ ಕ್ಯಾಮೆರಾವನ್ನು ಚೀಲಕ್ಕೆ ತುರುಕಿ, ತನ್ನ ಹೆಸರು ಚಿತ್ರದಲ್ಲಿ ಬೇಡವೆಂದು ಹೇಳಿ ಎದ್ದುಹೋದಳು.

ಮಧ್ಯಾಹ್ನ ಬಲ್ಬು ಲಾಂಡ್ರಿಗೆ ಹೋದಾಗ ಟೈಲರ ತನ್ನ ಸೂಟುಗಳನ್ನು ವಾಪಸು ಪಡೆಯಲು ನಿಂತಿದ್ದ. ಲಾಡ್ಜಿನ ಮ್ಯಾನೇಜರನೂ ಅದೇ ಕೆಲಸಕ್ಕೆ ಬಂದಿದ್ದ. ಇಬ್ಬರೂ ಛಾವಣಿ ನೋಡುತ್ತಿದ್ದರು. ಬಲ್ಬಿನ ಹಿಂದೆಯೇ ಬಂದವನು ಕೋಟು ತೊಟ್ಟ ಹ್ಯಾಟು. ಚಿಕ್ಕಮ್ಮ ದಿಂಬಿನ ಚೀಲಗಳನ್ನು ಒಗೆಯದೆಯೇ ಗಂಟು ಕಟ್ಟುತ್ತಿದ್ದಳು.

"ಬಾರೋ," ಎಂದಳು. "ಬೀದಿಯೋರನ್ನೆಲ್ಲ ಕೇಳಿ ಆಯ್ತಾ? ನನ್ನ ಸರದಿ ಯಾವಾಗ?"

ಹ್ಯಾಟು ಮೆಲ್ಲಗೆ ಧ್ವನಿಯಂತ್ರದ ಗುಂಡಿ ಒತ್ತಿದ್ದು ಕೇಳಿಸಿತು. ಬಲ್ಬು ಅದನ್ನು ಕಿತ್ತುಕೊಂಡು ಸೋಪಿನ ನೀರಿಗೆ ಹಾಕಿದ. ಹ್ಯಾಟು ಕಿರುಚಿದ್ದಕ್ಕೆ ಯಾರೂ ತಿರುಗಿ ನೋಡಲಿಲ್ಲ. ಈಗ ಕೇಳದೆ ಬಿಟ್ಟರೆ ಈ ಇಬ್ಬರೂ ಬಟ್ಟೆಯ ಜೊತೆ ಆ ಕಥೆಯನ್ನೂ ಹೊತ್ತುಕೊಂಡು ಹೋಗುತ್ತಾರೆ, ಇಡೀ ಬೀದಿಗೆ ಅದೇ ಕೊನೆಯ ಮಾತಾಗುತ್ತದೆ. ಅವನು ಚಿಕ್ಕಮ್ಮನ ಕಡೆ ತಿರುಗಿದ.

"ಚಿಕ್ಕಮ್ಮ, ಚಿಕ್ಕಪ್ಪನ್ನ ನೀನು ತಳ್ಳಿದ್ಯಾ?"

ಚಿಕ್ಕಮ್ಮ ಗಂಟನ್ನು ಬಿಗಿದು ಮ್ಯಾನೇಜರನ ಮುಂದೆ ತಳ್ಳಿದಳು. ನಾಲ್ವರನ್ನೂ ಒಂದು ಸುತ್ತು ನೋಡಿದಳು.

"ತಳ್ಳಲಿಲ್ಲ. ಕುಡ್ಕೊಂಡು ಬಂದು ಹೊಡಿಯೋಕೆ ಅಂತ ಮಹಡಿ ಬಾಗಿಲು ಬಡೀತಿದ್ದ, ತೆಗೀಲಿಲ್ಲ. ಉರುಳಿದ ಸದ್ದು ಕೇಳಿಸ್ತು, ಆಗಲೂ ತೆಗೀಲಿಲ್ಲ. ಇವತ್ತು ಎದ್ದು ಬಂದು ಬಡಿದ್ರೂ ತೆಗಿಯಲ್ಲ."