ಪುಟ ನಲವತ್ತೊಂದರ ಉತ್ತರ

ಬೆಳಗಿನ ಜಾವ ಐದೂಕಾಲು. ಆಸ್ಪತ್ರೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಾಯ್ಲರಕ್ಕ ಒಲೆಬಾಯಿಗೆ ಸೌದೆ ದೂಡುತ್ತಿದ್ದಾರೆ. ಏಳಕ್ಕೆ ಪಕ್ಕದ ಲಾಂಡ್ರಿಗೆ ಉಗಿ ಸಿಗಬೇಕು. ಒಂಬತ್ತಕ್ಕೆ ಆಪರೇಷನ್ ಕೋಣೆಗೆ ಹಸಿರು ಬಟ್ಟೆ ಹೋಗಬೇಕು. ಬಾಯ್ಲರಿನ ಮೈಗೆ ಗೇಣುದ್ದದ ಗಾಜಿನ ಕೊಳವೆಯೊಂದಿದೆ. ಒಳಗೆ ನೀರು ಎಷ್ಟಿದೆ ಎಂದು ತೋರಿಸುವುದು ಅದೇ. ಅಕ್ಕ ಅದನ್ನು ಬರೀ ನೋಡಿ ಸುಮ್ಮನಾಗುವುದಿಲ್ಲ. ಕೆಳಗಿನ ಪುಟ್ಟ ನಲ್ಲಿ ತಿರುಗಿಸಿ ನೀರು ಚೆಲ್ಲಿ, ನಲ್ಲಿ ಮುಚ್ಚಿ, ನೀರು ಮತ್ತೆ ಏರುವುದನ್ನು ಕಾಯುತ್ತಾರೆ.

"ತುಂಬಿರೋ ಗಾಜು, ಖಾಲಿ ಗಾಜು ಎರಡೂ ನೋಡೋಕೆ ಒಂದೇ ಥರ," ಎನ್ನುತ್ತಾರೆ. "ಚೆಲ್ಲಿ ನೋಡಿದ್ರೇನೇ ಗೊತ್ತಾಗೋದು."

ಈ ಕೆಲಸ ಅವರಿಗೆ ಇನ್ನು ನಾಲ್ಕೇ ದಿನ. ಸರ್ಟಿಫಿಕೇಟ್ ಇಲ್ಲದವರು ಬಾಯ್ಲರ್ ಮುಟ್ಟಬಾರದೆಂಬ ನಿಯಮ ಮೊದಲಿಂದಲೂ ಇದೆ. ಸೋಮವಾರದಿಂದ ಅದನ್ನು ಪಾಲಿಸುವುದೆಂದು ಆಸ್ಪತ್ರೆ ಈಗ ತೀರ್ಮಾನಿಸಿದೆ. ಹದಿನಾರು ವರ್ಷ ಉಗಿ ಎಬ್ಬಿಸಿದ ಅಕ್ಕ, ಕೆಲಸಕ್ಕೆ ಸೇರಿದ ದಿನ ನಿಂತಿದ್ದ ಜಾಗಕ್ಕೇ, ಹೊದಿಕೆ ಮಡಚುವ ಮೇಜಿಗೆ, ಮರಳುತ್ತಾರೆ.

ಸರ್ಟಿಫಿಕೇಟಿಗಾಗಿ ಅವರು ಪಟ್ಟ ಪಾಡು ಏಳು ವರ್ಷದ್ದು. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ಇಂದಿಗೂ 'ಬಟ್ಟೆ ಮಡಚುವವರು'. ಬಾಯ್ಲರ್ ಕೆಲಸದ ಅನುಭವಪತ್ರ ಪಡೆಯುವುದಕ್ಕೇ ಎರಡು ವರ್ಷ ಹಿಡಿಯಿತು. ಸಂಜೆ ತರಗತಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಜಾವಕ್ಕೆ ಎದ್ದ ಕಣ್ಣು ಅಲ್ಲಿ ತಂತಾನೇ ಮುಚ್ಚುತ್ತಿತ್ತು. ಮೊದಲ ಸಲ ಪರೀಕ್ಷೆಯ ಪ್ರವೇಶಪತ್ರ ಕೈಸೇರಿದ್ದು ಪರೀಕ್ಷೆಯ ಮಾರನೆಯ ದಿನ. ಎರಡನೆಯ ಸಲ ಬರೆಯುವ ಕೈ ನಿಧಾನವಾಗಿ ಕೊನೆಯ ಎರಡು ಪುಟ ಉಳಿದುಹೋದವು. ಮೂರನೆಯದು ಹೋದ ತಿಂಗಳ ಪರೀಕ್ಷೆ. ಪಾಸಾಗಲು ಐವತ್ತು ಬೇಕಿತ್ತು, ಬಂದದ್ದು ನಲವತ್ತೆಂಟು. ನಲವತ್ತೈದು ದಾಟಿದವರಿಗೆ ಮತ್ತೆ ಅವಕಾಶವಿಲ್ಲ. ಅಕ್ಕನಿಗೆ ಈ ತಿಂಗಳು ನಲವತ್ತೈದು ತುಂಬಿ ನಲವತ್ತಾರು ನಡೆಯುತ್ತಿದೆ.

ಕಡಿಮೆ ಬಿದ್ದ ಎರಡು ಅಂಕಕ್ಕೊಂದು ಕಥೆಯಿದೆ. ಅಕ್ಕನ ಬಗ್ಗೆ ಬರೆಯಲು ಬಂದ ನಾನು ಉತ್ತರಪತ್ರಿಕೆಯನ್ನು ನೋಡಿಲ್ಲ, ಅಂಕಪಟ್ಟಿಯನ್ನಷ್ಟೇ ನೋಡಿದ್ದೇನೆ. ಉಳಿದದ್ದು ಅಕ್ಕ ಹೇಳಿದ್ದು.

ಆರು ವರ್ಷದ ಹಿಂದೊಂದು ಬೆಳಿಗ್ಗೆ ನಲ್ಲಿ ಮುಚ್ಚಿದ ಮೇಲೂ ಗಾಜಿನಲ್ಲಿ ನೀರು ಏರಲಿಲ್ಲ. ನೀರು ತುಂಬುವ ಪಂಪು ಓಡುತ್ತಲೇ ಇತ್ತು, ಆದರೆ ಎಳೆಯುತ್ತಿದ್ದುದು ಬರೀ ಗಾಳಿ. ನೀರಿಲ್ಲದೆ ಕಾದರೆ ಬಾಯ್ಲರ್ ಸಿಡಿಯುತ್ತದೆ. ಅಕ್ಕ ಯಾರನ್ನೂ ಕೇಳಲಿಲ್ಲ. ಉದ್ದನೆಯ ಕೊಕ್ಕೆಯಿಂದ ಕೆಂಡವನ್ನೆಲ್ಲ ಹೊರಗೆಳೆದರು. ಮೊಣಕೈವರೆಗೆ ಬೊಬ್ಬೆ ಬಂತು. ಬಾಯ್ಲರ್ ಉಳಿಯಿತು, ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಒಂಬತ್ತು ಜನ ಉಳಿದರು. ಆದರೆ ಆ ದಿನ ಬಟ್ಟೆಯಿಲ್ಲದೆ ಎರಡು ಆಪರೇಷನ್ ಮುಂದಕ್ಕೆ ಹೋದವು. ಆಫೀಸಿನಿಂದ ಮೆಮೊ ಬಂತು. ಗುಮಾಸ್ತರು ಬರೆದ ಕ್ಷಮಾಪಣೆ ಪತ್ರಕ್ಕೆ ಅಕ್ಕ ಸಹಿ ಹಾಕಿದರು. ಅದರ ಸಾಲುಗಳು ಅವರಿಗಿನ್ನೂ ಬಾಯಿಪಾಠ: 'ಮೇಲಧಿಕಾರಿಗಳಿಗೆ ತಿಳಿಸದೆ ಬೆಂಕಿ ತೆಗೆದದ್ದು ನನ್ನ ತಪ್ಪು. ಇನ್ನು ಮುಂದೆ ಮೊದಲು ತಿಳಿಸುತ್ತೇನೆ.'

ಹೋದ ತಿಂಗಳ ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಅದೇ ಪ್ರಶ್ನೆ ಬಂತು: ಗಾಜಿನಲ್ಲಿ ನೀರು ಕಾಣದಿದ್ದರೆ ಮೊದಲು ಮಾಡಬೇಕಾದ್ದೇನು? ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಬೇಕು.

"ಪೆನ್ನು ಬೆಂಕಿ ತೆಗೆಯೋದರ ಮೇಲೇ ಇತ್ತು," ಎನ್ನುತ್ತಾರೆ ಅಕ್ಕ. "ಆಮೇಲೆ ಆ ಕಾಗದ ನೆನಪಾಯ್ತು. ಇದು ಸರ್ಕಾರದ ಪರೀಕ್ಷೆ. ಸಹಿ ಹಾಕಿಕೊಟ್ಟೂ ಮತ್ತೆ ಅದೇ ತಪ್ಪು ಬರೀತಾಳಲ್ಲ ಅಂದುಬಿಟ್ರೆ? 'ಮೇಲಧಿಕಾರಿಗೆ ತಿಳಿಸುವುದು' ಅಂತ ಗುರುತು ಹಾಕ್ದೆ."

ಮನೆ ಒಂದೂವರೆ ಕೋಣೆ. ಓದು ಬಾರದ ಅತ್ತೆ, ಸೊಸೆ ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಪರೀಕ್ಷೆಯ ಇಡೀ ಪುಸ್ತಕ ಕಲಿತುಬಿಟ್ಟಿದ್ದಾರೆ.

"ಪುಟ ನಲವತ್ತೊಂದು. ನೀರಿಲ್ದಿದ್ರೆ ಮೊದ್ಲು ಬೆಂಕಿ ತೆಗಿ. ನಂಗೇ ಬರತ್ತಲ್ಲೇ ಅದು!"

"ಹಂಗಿದ್ರೆ ನೀವೇ ಹೋಗ್ಬೇಕಿತ್ತು ಅತ್ತೆ, ಪರೀಕ್ಷೆಗೆ."

"ಹೋಗ್ತಿದ್ದೆ ಕಣೇ. ನನ್ ಹತ್ರ ಯಾರೂ ಸಹಿ ಹಾಕಿಸ್ಕೊಂಡಿಲ್ವಲ್ಲ."

ಅಕ್ಕ ನಗುವುದಿಲ್ಲ. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಗೋಡೆಯ ಕಡೆ ತಿರುಗುತ್ತಾರೆ.

ಸೋಮವಾರದಿಂದ ಬಾಯ್ಲರ್ ನೋಡಿಕೊಳ್ಳುವ ಮೇಸ್ತ್ರಿ ಆಗಲೇ ಬಂದಿದ್ದಾರೆ. ಸರ್ಟಿಫಿಕೇಟ್ ಇದೆ, ಐವತ್ತು ದಾಟಿದ ಸಾಧು ಮನುಷ್ಯ. ಆದರೆ ಈವರೆಗೆ ಡೀಸೆಲ್ ಬಾಯ್ಲರ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಸೌದೆಯ ಒಲೆ ಅವರ ಮಾತು ಕೇಳುತ್ತಿಲ್ಲ. ಶೆಡ್ಡಿನ ತುಂಬ ಹೊಗೆ.

"ಅಕ್ಕಾ, ಇದ್ಯಾಕೆ ಹಿಂಗೆ ಮುನಿಸ್ಕೊಂಡಿದೆ?"

"ಹಸಿ ಸೌದೆ ಕೆಳಗೆ ಹಾಕಿದೀರಲ್ಲ ಮೇಸ್ತ್ರಿ. ಸರೀರಿ ಆಚೆ." ತೆಗೆದು ಜೋಡಿಸುತ್ತಾರೆ. ಜ್ವಾಲೆ ಏಳುತ್ತದೆ.

"ನಾಚ್ಕೆ ಆಗುತ್ತೆ ಅಕ್ಕ," ಎಂದು ಮೇಸ್ತ್ರಿ ತಲೆ ತಗ್ಗಿಸುತ್ತಾರೆ. "ಕಾಗದ ನಂದು, ಕೆಲಸ ನಿಮ್ದು."

"ಸೋಮವಾರದವರೆಗೆ," ಎಂದಷ್ಟೇ ಹೇಳಿ ಅಕ್ಕ ಕೈ ಒರೆಸಿಕೊಳ್ಳುತ್ತಾರೆ. ಮೊಣಕೈ ಕೆಳಗಿನ ಚರ್ಮ ಇನ್ನೂ ನುಣುಪಾಗಿ ಹೊಳೆಯುತ್ತದೆ.

ನಿಮ್ಮ ಪರವಾಗಿ ಆಫೀಸಿನಲ್ಲಿ ಏನಾದರೂ ಕೇಳಬೇಕೇ ಎಂದು ನಾನು ಕೇಳಿದರೆ ಅಕ್ಕ ಒಲೆಗೆ ಇನ್ನೊಂದು ಸೌದೆ ದೂಡುತ್ತಾರೆ. ಆ ಕ್ಷಮಾಪಣೆ ಪತ್ರವನ್ನು ವಾಪಸ್ ಕೊಡಿಸಬಹುದೇ ಎನ್ನುತ್ತಾರೆ. ಅದೇ ದಿನ ಕೇಳಿದೆ. ಫೈಲಿಗೆ ಸೇರಿದ್ದನ್ನು ತೆಗೆಯಲು ಬರುವುದಿಲ್ಲವೆಂದು ಉತ್ತರ ಬಂತು. ಮರುದಿನ ಅಕ್ಕನಿಗೆ ತಿಳಿಸಿದಾಗ ಅವರು ಗಾಜಿನ ಮುಂದೆ ನಿಂತಿದ್ದರು. ನಲ್ಲಿ ತಿರುಗಿಸಿದರು, ನೀರು ಚೆಲ್ಲಿತು, ಮುಚ್ಚಿದರು. ನೀರು ಏರಿ ನಿಂತ ಮೇಲೆಯೇ ಮಾತಾಡಿದ್ದು.

"ತೆಗೆಯೋದು ಬೇಡ ಬಿಡಿ, ಇರ್ಲಿ." ರವಿಕೆಯೊಳಗಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಕೊಟ್ಟರು. ಪುಟ ನಲವತ್ತೊಂದರ ಜೆರಾಕ್ಸ್. "ಇದನ್ನ ಅದರ ಹಿಂದೆ ಒಂದು ಪಿನ್ ಹೊಡೆದು ಸೇರಿಸ್ತಾರಾ ಕೇಳಿ. ಮುಂದೆ ಯಾರಾದ್ರೂ ಫೈಲ್ ತೆಗೆದ್ರೆ ಎರಡೂ ಓದ್ಲಿ."