ಕೊಯ್ದು ನೋಡಿದ ಸ್ಕೀ

ನನ್ನ ಎತ್ತರ ಐದಡಿಗಿಂತ ಕಡಿಮೆ. ನಲವತ್ತು ದಾಟಿದ ಮೇಲೆ ಸ್ಕೀಯಿಂಗ್ ಕಲಿಯಲು ಹೊರಟಾಗ, ತಾಹೋದ ಹಿಮಬೆಟ್ಟದ ಬುಡದಲ್ಲಿದ್ದ ಬಾಡಿಗೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ, ಪೆಂಗ್ವಿನ್ ಚಿತ್ರಗಳಿದ್ದ ಗುಲಾಬಿ ಜೋಡಿಯೊಂದನ್ನು ತಂದುಕೊಟ್ಟ. ಮಕ್ಕಳ ಸ್ಕೀ. ನಮ್ಮ ಊರಿನಿಂದ ಜೊತೆಗೆ ಬಂದಿದ್ದ ಕನ್ನಡದ ಗೆಳೆಯರಿಗೆಲ್ಲ ಆ ವಾರಾಂತ್ಯ ಅದೇ ತಮಾಷೆ. ಅವು ನನ್ನ ಭಾರಕ್ಕೆ ನಡುವಿನಲ್ಲಿ ಬಾಗುತ್ತಿದ್ದವು, ತಿರುಗಿಸಿದ ಕಡೆ ತಿರುಗುತ್ತಿರಲಿಲ್ಲ. ದೊಡ್ಡವರ ಜೋಡಿ ಹಾಕಿಕೊಂಡರೆ ಕಾಲಿಗೆ ಎರಡು ಬೆಂಚು ಕಟ್ಟಿಕೊಂಡ ಹಾಗೆ.

ವಾಪಸು ಬರುವಾಗ ಕಾರಿನಲ್ಲಿ ಗಂಡನಿಗೆ ಹೇಳಿದೆ, "ನನ್ನ ಅಳತೆಗೆ ನಾನೇ ಮಾಡ್ಕೋತೀನಿ."

"ಆನ್‌ಲೈನ್‌ನಲ್ಲಿ ಹುಡುಕಿದ್ರೆ ಸಿಗತ್ತೆ ಕಣೆ."

"ಸಿಗಬಹುದು. ಆದ್ರೂ ಮಾಡ್ತೀನಿ."

ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಸ್ಕ್ರೀನಿನ ಮೇಲೆ ಬಿಡಿಸುವುದು ನನ್ನ ಕೆಲಸ. ಇಷ್ಟು ವರ್ಷ ಬಿಡಿಸಿದ ಒಂದನ್ನೂ ನನ್ನ ಕೈಯಾರೆ ಮಾಡಿರಲಿಲ್ಲ. ಪೆಂಗ್ವಿನ್ ಒಂದು ನೆಪ, ನಿಜವಾಗಿ ಕೆರಳಿದ್ದು ಈ ಆಸೆಯೇ.

ಮುಂದಿನ ಶರತ್ಕಾಲದಲ್ಲಿ ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜು ಹಿಡಿದೆ. ಮೇಪಲ್ ಮರದ ಪಟ್ಟಿಗಳನ್ನು ಅಂಟಿಸಿ, ತುದಿಗಳ ಕಡೆಗೆ ತೆಳ್ಳಗೆ ಹೆರೆದೆ. ತಳಕ್ಕೆ ಹಿಮದ ಮೇಲೆ ಜಾರುವ ಪ್ಲಾಸ್ಟಿಕ್ ಹಾಳೆ, ಅದರ ಸುತ್ತ ಉಕ್ಕಿನ ಅಂಚು, ಮರದ ಕೆಳಗೂ ಮೇಲೂ ಎಪಾಕ್ಸಿ ಅಂಟಿನಲ್ಲಿ ತೋಯಿಸಿದ, ಗಾಜಿನ ಎಳೆಗಳಿಂದ ನೇಯ್ದ ಬಟ್ಟೆ. ಎಲ್ಲವನ್ನೂ ಬಾಗಿದ ಎರಡು ಅಚ್ಚುಗಳ ನಡುವೆ ಒತ್ತಿ ಬಿಗಿದಿಟ್ಟೆ. ಆಗ ತಾನೇ ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಸೆರಗು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತರು.

"ಯವ್ವಾ, ಏನ್ ನಾತ ಇದು! ಮನ್ಯಾಗ ಮಂದಿ ಉಣ್ಣಬೇಕೋ ಬ್ಯಾಡೋ?"

ಗ್ಯಾರೇಜಿನ ದೊಡ್ಡ ಬಾಗಿಲನ್ನು ಪೂರ್ತಿ ಎತ್ತಿದೆ. ಕೆಲಸ ನಿಲ್ಲಿಸಲಿಲ್ಲ.

ಡಿಸೆಂಬರಿನಲ್ಲಿ ಅದೇ ಗೆಳೆಯರ ಜೊತೆ ಅದೇ ಬೆಟ್ಟಕ್ಕೆ ಹೋದೆವು. ಮೊದಲ ಎರಡು ಇಳಿಜಾರು ನನ್ನ ಸ್ಕೀಗಳು ಹೇಳಿದಂತೆ ಕೇಳಿದವು. ನನ್ನಷ್ಟೇ ಉದ್ದದ, ನನ್ನ ಭಾರ ಗೊತ್ತಿರುವ ಜೋಡಿ! ಮೂರನೆಯ ಸಲ ಗಟ್ಟಿಯಾದ ಹಿಮದ ಮೇಲೆ ಜೋರಾಗಿ ತಿರುಗಿಸಿದಾಗ ಎಡಗಾಲಿನ ಸ್ಕೀ ಕರ್ರೆಂದಿತು. ಮುಂಭಾಗ ಅಟ್ಟೆ ಬಿಟ್ಟ ಚಪ್ಪಲಿಯಂತೆ ಬಾಯಿ ತೆರೆದು, ಉಕ್ಕಿನ ಅಂಚು ತಂತಿಯ ಹಾಗೆ ಹೊರಗೆ ಚಾಚಿತು. ನಾನು ಭುಜದ ಮೇಲೆ ಬಿದ್ದು ಬಹಳ ದೂರ ಜಾರಿದೆ.

ರಕ್ಷಣಾ ಸಿಬ್ಬಂದಿಯವಳು ಬಂದು, ಭುಜ ಮುಟ್ಟಿ ನೋಡಿ, ಮೂಳೆ ಸರಿಯಿದೆ ಎಂದಳು. ಹಿಮದ ಮೇಲೆ ಎಳೆಯುವ ಗಾಡಿಯಲ್ಲಿ ಮಲಗಿಸಿ ಇಳಿಸುತ್ತೇನೆ ಎಂದದ್ದಕ್ಕೆ ಬೇಡವೆಂದೆ. ಮುರಿದ ಜೋಡಿಯನ್ನು ಇನ್ನೊಂದು ಭುಜದ ಮೇಲೆ ಹೊತ್ತು ಇಳಿಜಾರಿನ ಅಂಚಿನಲ್ಲಿ ನಡೆದು ಇಳಿದೆ. ಕೆಳಗೆ ಗೆಳೆಯರೊಬ್ಬರು ಆಗಲೇ ಫೋನು ಹಿಡಿದು ನಿಂತಿದ್ದರು.

"ಮೇಡಂ, ಇನ್ನಾದ್ರೂ ಅಂಗಡೀದು ತಗೋತೀರಾ?"

"ಫೋಟೋ ಸರಿಯಾಗಿ ತೆಗೀರಿ. ಎಲ್ಲಿ ಬಿಟ್ಟಿದೆ ಅಂತ ನಂಗೂ ನೋಡ್ಬೇಕು," ಎಂದೆ.

ಗೆಳೆಯರ ನಗು ಅಲ್ಲಿಗೇ ನಿಂತಿತು. ನನ್ನ ಗಂಡ ಮೊದಲಿನಿಂದಲೂ ನಕ್ಕಿರಲಿಲ್ಲ. ಸಿಟ್ಟು ಬಂದರೆ ಅವರ ಬಾಯಿಗೆ ಊರಿನ ಕನ್ನಡ ಬರುತ್ತದೆ. "ಕುತ್ತಿಗಿ ಮುರದಿದ್ರ ಏನ್ ಮಾಡ್ತಿದ್ದಿ? ಇಷ್ಟ್ಯಾಕ ಹಟ ನಿನಗ?"

ಅದು ಹೆದರಿಕೆಯ ಮಾತೆಂದು ಗೊತ್ತಿತ್ತು. ಹಟ ಬಿಡುತ್ತೇನೆಂದು ಸುಳ್ಳು ಹೇಳಲಾಗಲಿಲ್ಲ. ಮುಂದಿನ ಸಲ ಮೊದಲು ಮನೆಯಲ್ಲೇ ಬಗ್ಗಿಸಿ ಪರೀಕ್ಷೆ ಮಾಡುತ್ತೇನೆ ಎಂದು ಮಾತ್ರ ಮಾತು ಕೊಟ್ಟೆ.

ಭುಜದ ನೋವು ಇಳಿದ ಮೇಲೆ ಆ ಸ್ಕೀಯನ್ನು ಮೇಜಿಗೆ ಬಿಗಿದು ಗರಗಸ ಹಚ್ಚಿದೆ. ಅತ್ತೆ ಮತ್ತೆ ಬಾಗಿಲಿಗೆ ಬಂದರು.

"ಮುರದದ್ದನ್ನ ಮತ್ಯಾಕ ಕೊಯ್ಯಾಕತ್ತಿ?"

"ಎಲ್ಲಿ ತಪ್ಪಾಯ್ತು ಅಂತ ಒಳಗೆ ನೋಡ್ಬೇಕು ಅತ್ತೆ."

"ಬಿಡೂದಿಲ್ಲಲ್ಲ ನೀ," ಎಂದು ಗೊಣಗುತ್ತಲೇ ಒಳಗೆ ಬಂದು, ಅಲುಗಾಡುತ್ತಿದ್ದ ತುದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

ಉತ್ತರ ಒಳಗಿತ್ತು. ಪ್ಲಾಸ್ಟಿಕ್ ಹಾಳೆ ಕನ್ನಡಿಯಷ್ಟು ನುಣುಪಾಗಿ ಎದ್ದು ಬಂತು, ಅಂಟು ಅದನ್ನು ಹಿಡಿದೇ ಇರಲಿಲ್ಲ. ಅಂಟಿಸುವ ಮೊದಲು ಅದನ್ನು ಉಜ್ಜಿ ಒರಟು ಮಾಡಬೇಕಿತ್ತು. ತುದಿಯ ಬಳಿ ಗಾಜಿನ ಬಟ್ಟೆ ಒಂದು ಕಡೆ ಪೂರ್ತಿ ತೋಯದೆ ಬೆಳ್ಳಗೆ ಒಣಗಿತ್ತು. ಉಕ್ಕಿಗೂ ಬಟ್ಟೆಗೂ ನಡುವೆ ಏನೂ ಇರಲಿಲ್ಲ. ಸ್ಕೀ ಬಾಗಿದಾಗಲೆಲ್ಲ ಅವೆರಡೂ ಒಂದನ್ನೊಂದು ಎಳೆದಾಡಿ ಬಿಟ್ಟುಕೊಂಡಿದ್ದವು. ಅಲ್ಲಿ ತೆಳು ರಬ್ಬರ್ ಪಟ್ಟಿ ಬೇಕು. ಬಿದ್ದ ದಿನ ಬರದಿದ್ದ ಅಳು ಆಗ ಬಂತು. ಸೋತೆನೆಂದಲ್ಲ, ಸೋಲಿಗೆ ಕಾರಣ ಕಣ್ಣೆದುರಿಗೆ ಇತ್ತಲ್ಲ, ಅದಕ್ಕೆ.

ಎರಡನೆಯ ಜೋಡಿಯನ್ನು ಅವಸರವಿಲ್ಲದೆ ಮಾಡಿದೆ. ಮಾತು ಕೊಟ್ಟಂತೆ ಎರಡು ಇಟ್ಟಿಗೆಗಳ ಮೇಲೆ ಸೇತುವೆಯಂತೆ ಇಟ್ಟು, ಗಂಡನನ್ನೇ ಕರೆದು ಮೇಲೆ ನಿಲ್ಲಿಸಿದೆ. ಅವರು ಮೊದಲು ಅಳುಕುತ್ತ ನಿಂತು, ಆಮೇಲೆ ಕುಣಿದೇಬಿಟ್ಟರು. ಅಂಟು ಬಿಡಲಿಲ್ಲ.

ಮಾರ್ಚಿನಲ್ಲಿ ಇಬ್ಬರೇ ಹೋದೆವು. ಹಿಮ ತೆಳುವಾಗಿತ್ತು. ಕಡಿದಾದ ಒಂದು ತಿರುವಿನಲ್ಲಿ ಅಡಗಿದ್ದ ಬಂಡೆಯೊಂದು ಬಲಗಾಲಿನ ಸ್ಕೀಯನ್ನು ಉದ್ದಕ್ಕೆ ಗೀರಿತು. ಕಾಲಿನಿಂದ ಹಲ್ಲಿನವರೆಗೆ ನಡುಗಿದೆ, ಆದರೆ ಬೀಳಲಿಲ್ಲ. ಕೆಳಗಿಳಿದು ಮಗುಚಿ ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಬೆರಳು ತೂರುವಷ್ಟು ಅಗಲದ ಗಾಯ, ಒಳಗಿನ ಮರ ಕಾಣುತ್ತಿತ್ತು. ಉಕ್ಕಿನ ಅಂಚು ಎಳ್ಳಷ್ಟೂ ಅಲುಗಿರಲಿಲ್ಲ.

"ಹಾಳಾಯ್ತಾ?" ಎಂದರು ಗಂಡ.

"ಇಲ್ಲ, ಇದನ್ನ ಮನೇಲಿ ತುಂಬಿಸ್ಬಹುದು."

"ಹಾಗಾದ್ರೆ ಮನೆಗೆ ಹೊರಡೋಣ್ವಾ?"

ನಾನು ಗಾಯಕ್ಕೆ ಮೆತ್ತಿದ್ದ ಹಿಮವನ್ನು ಒರೆಸಿ, ಬೂಟನ್ನು ಮತ್ತೆ ಸ್ಕೀಯ ಕೊಂಡಿಯೊಳಗೆ ಕಟಕ್ಕೆಂದು ಒತ್ತಿದೆ.

"ನೀವು ಕಾಫಿ ಕುಡೀತಿರಿ," ಎಂದು ಹೇಳಿ, ಬೆಟ್ಟದ ಮೇಲೆ ಒಯ್ಯುವ ಲಿಫ್ಟಿನ ಸಾಲಿಗೆ ಹೋಗಿ ನಿಂತೆ.